ಬೆಲ್ಟ್ ಅಂಡ್ ರೋಡ್ ಯೋಜನೆ: ವಿದೇಶಿ ಮೂಲಸೌಕರ್ಯ ಸಾಲದ ಆರ್ಥಿಕ ಪರಿಣಾಮಗಳು

ಪೀಠಿಕೆ

ವಾಣಿಜ್ಯದ ಬೆಳವಣಿಗೆಗೆ ರಸ್ತೆ, ರೈಲು, ಬಂದರು ಹಾಗೂ ವಿದ್ಯುತ್ತು ಎಷ್ಟು ಅಗತ್ಯವೆಂಬುದನ್ನು ಉದ್ಯಮಿಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಸರಕು ಕಾರ್ಖಾನೆಯ ಬಾಗಿಲಿನಿಂದ ಹೊರಟು ಹಡಗನ್ನು ಸೇರುವವರೆಗಿನ ಪ್ರತಿಯೊಂದು ದಿನದ ವಿಳಂಬವೂ ವೆಚ್ಚವೇ ಸರಿ. ಆದರೆ ಇಂತಹ ಸೌಕರ್ಯಗಳಿಗೆ ಬೇಕಾಗುವ ಬಂಡವಾಳವು ಬಡ ಹಾಗೂ ಮಧ್ಯಮ ಆದಾಯದ ಅನೇಕ ರಾಷ್ಟ್ರಗಳ ಕೈಗೆಟುಕುವಂತಹುದಲ್ಲ. ಈ ಕೊರತೆಯನ್ನು ತುಂಬುವ ಉದ್ದೇಶವನ್ನು ಮುಂದಿಟ್ಟುಕೊಂಡು ಬಂದ ಕಾರ್ಯಕ್ರಮಗಳಲ್ಲಿ ಗಾತ್ರ, ವಿಸ್ತಾರ ಎರಡರಲ್ಲಿಯೂ ಅಗ್ರಸ್ಥಾನ ಪಡೆದಿರುವುದು ಚೀನಾ ದೇಶದ ಬೆಲ್ಟ್ ಅಂಡ್ ರೋಡ್ ಯೋಜನೆ.

2013ರ ಸೆಪ್ಟೆಂಬರ್ ತಿಂಗಳಿನಲ್ಲಿ ಕಜಕಸ್ತಾನದ ರಾಜಧಾನಿ ಅಸ್ತಾನಾದಲ್ಲಿ ಭಾಷಣ ಮಾಡಿದ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರು ಮಧ್ಯ ಏಷ್ಯಾದ ಮೂಲಕ ಸಾಗುವ 'ರೇಷ್ಮೆ ಮಾರ್ಗದ ಆರ್ಥಿಕ ವಲಯ'ವನ್ನು ಪ್ರಸ್ತಾಪಿಸಿದರು. ಮರುತಿಂಗಳು ಜಕಾರ್ತಾದಲ್ಲಿ ಇಂಡೊನೇಷ್ಯಾದ ಸಂಸತ್ತಿನ ಮುಂದೆ '21ನೇ ಶತಮಾನದ ಸಾಗರ ರೇಷ್ಮೆ ಮಾರ್ಗ'ದ ಕಲ್ಪನೆಯನ್ನು ಮಂಡಿಸಿದರು. ಇವೆರಡೂ ಕೂಡಿ ಒಂದು ಯೋಜನೆಯಾಯಿತು. ಹೆಸರಿನಲ್ಲಿರುವ 'ಬೆಲ್ಟ್' ಎಂಬುದು ಭೂಮಾರ್ಗವನ್ನೂ 'ರೋಡ್' ಎಂಬುದು ಸಮುದ್ರ ಮಾರ್ಗವನ್ನೂ ಸೂಚಿಸುತ್ತದೆ. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 150 ರಾಷ್ಟ್ರಗಳು ಇದಕ್ಕೆ ಸಂಬಂಧಿಸಿದ ಒಡಂಬಡಿಕೆಗಳಿಗೆ ಸಹಿ ಹಾಕಿದವು.

ಈ ಯೋಜನೆಯ ಕುರಿತು ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಹಿಂದುಳಿದ ರಾಷ್ಟ್ರಗಳ ಪಾಲಿಗೆ ಇದು ವರದಾನವೆಂಬುದು ಒಂದು. ಅವುಗಳನ್ನು ಸಾಲದ ಬಲೆಗೆ ಕೆಡವುವ ತಂತ್ರವೆಂಬುದು ಮತ್ತೊಂದು. ವಿವಿಧ ದೇಶಗಳ ಅನುಭವವನ್ನು ಪರಿಶೀಲಿಸಿದಾಗ ಎರಡೂ ಅಪೂರ್ಣವೆಂದು ಕಂಡುಬರುತ್ತದೆ. ಒಂದೇ ದೇಶದಲ್ಲಿ, ಒಂದೇ ಕಂಪನಿ ನಡೆಸುವ ಎರಡು ಬಂದರುಗಳ ಪೈಕಿ ಒಂದು ಲಾಭ ತಂದು ಮತ್ತೊಂದು ಹೊರೆಯಾದ ಉದಾಹರಣೆಯೂ ಇದೆ. ಫಲಿತಾಂಶವನ್ನು ನಿರ್ಧರಿಸಿದ್ದು ಸಾಲ ಕೊಟ್ಟವರ ಉದ್ದೇಶಕ್ಕಿಂತ ಹೆಚ್ಚಾಗಿ ಒಪ್ಪಂದದ ಷರತ್ತುಗಳು. ಸಾಲ ಯಾವ ಕರೆನ್ಸಿಯಲ್ಲಿದೆ, ಆದಾಯ ಯಾವ ಕರೆನ್ಸಿಯಲ್ಲಿ ಬರುತ್ತದೆ, ಅಂದಾಜು ತಪ್ಪಿದಲ್ಲಿ ನಷ್ಟ ಯಾರ ಪಾಲಿಗೆ ಎಂಬ ಪ್ರಶ್ನೆಗಳೇ ಇಲ್ಲಿ ಮುಖ್ಯವಾಗುತ್ತವೆ.

ಯೋಜನೆಯ ಹಿನ್ನೆಲೆ

2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನ ಸಂದರ್ಭದಲ್ಲಿ ಚೀನಾ ಸರ್ಕಾರವು 4 ಲಕ್ಷ ಕೋಟಿ ಯುವಾನ್ ಮೊತ್ತದ ಉತ್ತೇಜನ ಕಾರ್ಯಕ್ರಮವನ್ನು ಘೋಷಿಸಿತು. ಅದರ ಫಲವಾಗಿ ಉಕ್ಕು, ಸಿಮೆಂಟ್ ಹಾಗೂ ನಿರ್ಮಾಣ ಕ್ಷೇತ್ರದ ಉತ್ಪಾದನಾ ಸಾಮರ್ಥ್ಯವು ದೇಶದ ಬೇಡಿಕೆಯನ್ನು ಮೀರಿ ಬೆಳೆಯಿತು. ರೈಲು, ಅಣೆಕಟ್ಟು, ಬಂದರುಗಳನ್ನು ನಿರ್ಮಿಸಿ ಪಳಗಿದ ಬೃಹತ್ ಸರ್ಕಾರಿ ಕಂಪನಿಗಳಿಗೆ ಹೊಸ ಕೆಲಸ ಬೇಕಾಯಿತು. ಇನ್ನೊಂದೆಡೆ, ಚೀನಾದ ವಿದೇಶಿ ವಿನಿಮಯ ಸಂಗ್ರಹವು 2014ರ ಮಧ್ಯಭಾಗದಲ್ಲಿ 4 ಲಕ್ಷ ಕೋಟಿ ಡಾಲರ್‌ಗಳ ಸಮೀಪಕ್ಕೆ ಬಂದಿತ್ತು. ಈ ಸಂಗ್ರಹದ ದೊಡ್ಡ ಪಾಲು ಅಮೆರಿಕದ ಸರ್ಕಾರಿ ಸಾಲಪತ್ರಗಳಲ್ಲಿದ್ದು, ದೊರೆಯುತ್ತಿದ್ದ ಬಡ್ಡಿ ಅತ್ಯಲ್ಪವಾಗಿತ್ತು.

ಹೀಗೆ ಕೆಲಸವಿಲ್ಲದ ಸಾಮರ್ಥ್ಯ ಹಾಗೂ ಹೆಚ್ಚಿನ ಪ್ರತಿಫಲವನ್ನು ಅರಸುವ ಡಾಲರ್, ಇವೆರಡನ್ನೂ ಕೂಡಿಸಿದ ಏರ್ಪಾಡು ಬೆಲ್ಟ್ ಅಂಡ್ ರೋಡ್ ಯೋಜನೆ. ಸಮುದ್ರದಿಂದ ದೂರವಿರುವ ಪಶ್ಚಿಮ ಪ್ರಾಂತ್ಯಗಳಿಗೆ ಹೊಸ ಮಾರುಕಟ್ಟೆಗಳನ್ನು ಒದಗಿಸುವುದು, ತೈಲ ಆಮದಿಗಾಗಿ ಮಲಾಕ್ಕಾ ಜಲಸಂಧಿಯೊಂದನ್ನೇ ನೆಚ್ಚಿಕೊಂಡಿರುವ ಸ್ಥಿತಿಯನ್ನು ತಪ್ಪಿಸುವುದು ಇತರ ಉದ್ದೇಶಗಳಾಗಿದ್ದವು.

ಹಣಕಾಸಿನ ಸ್ವರೂಪ

ಈ ಯೋಜನೆಯನ್ನು ಕುರಿತು 'ನೆರವು' ಎಂಬ ಪದವನ್ನು ಬಳಸುವುದುಂಟು. ವಾಸ್ತವದಲ್ಲಿ ಇದರ ಬಹುಪಾಲು ಸಾಲವೇ ಆಗಿದೆ. ಸಾಲ ನೀಡುವ ಪ್ರಮುಖ ಸಂಸ್ಥೆಗಳು 1994ರಲ್ಲಿ ಸ್ಥಾಪಿತವಾದ ಚೀನಾ ಅಭಿವೃದ್ಧಿ ಬ್ಯಾಂಕ್ ಹಾಗೂ ಚೀನಾ ಎಕ್ಸಿಮ್ ಬ್ಯಾಂಕ್. ಅಮೆರಿಕದ ವಿಲಿಯಂ ಅಂಡ್ ಮೇರಿ ವಿಶ್ವವಿದ್ಯಾಲಯದ ಏಡ್‌ಡೇಟಾ ಸಂಶೋಧನಾ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಚೀನಾದ ಸಾಲಕ್ಕೆ ಸರಾಸರಿ ಶೇ. 4.2 ಬಡ್ಡಿ, ಹತ್ತು ವರ್ಷಕ್ಕಿಂತ ಕಡಿಮೆ ಅವಧಿ. ಜರ್ಮನಿ, ಫ್ರಾನ್ಸ್, ಜಪಾನ್ ಮೊದಲಾದ ಸಾಂಪ್ರದಾಯಿಕ ದಾನಿ ರಾಷ್ಟ್ರಗಳ ಸಾಲಕ್ಕೆ ಸರಾಸರಿ ಶೇ. 1.1 ಬಡ್ಡಿ, 28 ವರ್ಷಗಳ ಅವಧಿ. ರೈಲು ಮಾರ್ಗದಂತಹ ಆಸ್ತಿಯು ಪೂರ್ಣ ಪ್ರಮಾಣದ ಆದಾಯ ತರಲು ಹದಿನೈದು ಇಪ್ಪತ್ತು ವರ್ಷಗಳೇ ಬೇಕಾಗುತ್ತವೆ. ಹತ್ತು ವರ್ಷದೊಳಗೆ ಸಾಲ ತೀರಿಸಬೇಕೆಂದಾದಲ್ಲಿ, ಆಸ್ತಿಯು ದುಡಿಯಲು ಆರಂಭಿಸುವ ಮೊದಲೇ ಬೊಕ್ಕಸವು ಕಂತು ಕಟ್ಟಬೇಕಾಗುತ್ತದೆ.

ಹಣ ಸಂದಾಯವಾಗುವ ಕ್ರಮವೂ ಗಮನಾರ್ಹವಾದುದು. ಹಲವು ಸಂದರ್ಭಗಳಲ್ಲಿ ಸಾಲದ ಮೊತ್ತವು ಸಾಲ ಪಡೆದ ದೇಶದ ಖಜಾನೆಗೆ ಬಾರದೆ, ಬ್ಯಾಂಕಿನಿಂದ ನೇರವಾಗಿ ಚೀನಾದ ಗುತ್ತಿಗೆದಾರ ಕಂಪನಿಗೆ ಪಾವತಿಯಾಗುತ್ತದೆ. ಇದರಿಂದ ಹಣ ದಾರಿಯಲ್ಲಿ ಸೋರಿಹೋಗುವ ಸಾಧ್ಯತೆ ಕಡಿಮೆಯಾಗುವುದು ನಿಜ. ಕಾಮಗಾರಿಯೂ ಶೀಘ್ರವಾಗಿ ಮುಗಿಯುತ್ತದೆ. ಆದರೆ ನಿರ್ಮಾಣದ ಅವಧಿಯಲ್ಲಿ ಸ್ಥಳೀಯ ಉದ್ಯಮಕ್ಕೆ ದೊರೆಯಬಹುದಾದ ಆದೇಶಗಳೂ ಕಡಿಮೆಯಾಗುತ್ತವೆ. ವಾಷಿಂಗ್ಟನ್ನಿನ ಸಿಎಸ್‌ಐಎಸ್ ಸಂಸ್ಥೆಯು 2018ರಲ್ಲಿ ಯುರೇಷ್ಯಾದ ಸಾರಿಗೆ ಯೋಜನೆಗಳನ್ನು ಪರಿಶೀಲಿಸಿದಾಗ, ಚೀನಾದ ಹಣದಿಂದ ನಡೆದ ಕಾಮಗಾರಿಗಳಲ್ಲಿ ಶೇ. 89ರಷ್ಟು ಗುತ್ತಿಗೆದಾರರು ಚೀನೀಯರೇ ಆಗಿದ್ದರು. ಸ್ಥಳೀಯ ಕಂಪನಿಗಳ ಪಾಲು ಕೇವಲ ಶೇ. 7.6.

2021ರಲ್ಲಿ ನೂರು ಸಾಲಪತ್ರಗಳನ್ನು ಅಧ್ಯಯನ ಮಾಡಿದ ತಜ್ಞರ ತಂಡವೊಂದು ಇನ್ನೂ ಮೂರು ಅಂಶಗಳನ್ನು ಬೆಳಕಿಗೆ ತಂದಿತು. ಅನೇಕ ಒಪ್ಪಂದಗಳಲ್ಲಿ ಷರತ್ತುಗಳನ್ನು ಗೋಪ್ಯವಾಗಿಡಬೇಕೆಂಬ ನಿಬಂಧನೆಯಿತ್ತು. ಆದಾಯದ ಒಂದು ಭಾಗವನ್ನು ಸಾಲದಾತರ ಹಿಡಿತದ ಪ್ರತ್ಯೇಕ ಖಾತೆಯಲ್ಲಿರಿಸಬೇಕೆಂಬ ಷರತ್ತಿತ್ತು. ಇತರ ರಾಷ್ಟ್ರಗಳೊಡನೆ ಸೇರಿಸಿ ಈ ಸಾಲವನ್ನು ಮರುಹೊಂದಾಣಿಕೆ ಮಾಡಕೂಡದೆಂಬ ನಿರ್ಬಂಧವೂ ಕೆಲವೆಡೆ ಇತ್ತು. ಗೋಪ್ಯತೆಯ ಪರಿಣಾಮವಾಗಿ ಒಂದು ದೇಶದ ನಿಜವಾದ ಋಣಭಾರವೆಷ್ಟೆಂಬುದು ಅಲ್ಲಿನ ಸಂಸತ್ತಿಗೂ ತೆರಿಗೆದಾರರಿಗೂ ತಿಳಿಯದೆ ಹೋಗುವ ಸ್ಥಿತಿ ಉಂಟಾಯಿತು.

ನಿರೀಕ್ಷಿತ ಲಾಭಗಳು

ಯೋಜನೆಯ ಆರ್ಥಿಕ ಸಾಧ್ಯತೆಗಳನ್ನು ಅಲ್ಲಗಳೆಯುವಂತಿಲ್ಲ. ವಿಶ್ವಬ್ಯಾಂಕ್ 2019ರಲ್ಲಿ ಪ್ರಕಟಿಸಿದ ವಿಸ್ತೃತ ವರದಿಯ ಅಂದಾಜಿನಂತೆ, ಎಲ್ಲ ಸಾರಿಗೆ ಯೋಜನೆಗಳೂ ಪೂರ್ಣಗೊಂಡಲ್ಲಿ ಈ ಮಾರ್ಗಗಳಲ್ಲಿನ ಪ್ರಯಾಣದ ಅವಧಿ ಶೇ. 12ರವರೆಗೆ ಇಳಿಯಬಲ್ಲದು, ಮಾರ್ಗದಲ್ಲಿರುವ ರಾಷ್ಟ್ರಗಳ ವ್ಯಾಪಾರ ಶೇ. 2.7ರಿಂದ 9.7ರಷ್ಟು ಹೆಚ್ಚಬಲ್ಲದು, 76 ಲಕ್ಷ ಜನರು ಕಡುಬಡತನದಿಂದ ಹೊರಬರಬಲ್ಲರು.

ಆದರೆ ಇದೇ ವರದಿಯು ಎರಡು ಎಚ್ಚರಿಕೆಗಳನ್ನೂ ನೀಡಿತ್ತು. ಗಡಿಯಲ್ಲಿನ ಸುಂಕದ ವಿಧಿವಿಧಾನ ಹಾಗೂ ವ್ಯಾಪಾರ ನೀತಿಗಳು ಸುಧಾರಿಸದಿದ್ದಲ್ಲಿ ರಸ್ತೆ, ರೈಲುಗಳಿಂದ ಮಾತ್ರವೇ ಪೂರ್ಣ ಲಾಭ ದೊರೆಯದು ಎಂಬುದು ಮೊದಲನೆಯದು. ವಿವರವಾದ ಅಂಕಿಅಂಶ ಲಭ್ಯವಿದ್ದ 43 ರಾಷ್ಟ್ರಗಳ ಪೈಕಿ 12ರಲ್ಲಿ ಸಾಲದ ಸ್ಥಿತಿ ಮತ್ತಷ್ಟು ಹದಗೆಡಬಹುದು ಎಂಬುದು ಎರಡನೆಯದು. ಮುಂದಿನ ವರ್ಷಗಳಲ್ಲಿ ನಡೆದ ಘಟನೆಗಳು ಈ ಎಚ್ಚರಿಕೆ ನಿರಾಧಾರವಲ್ಲವೆಂಬುದನ್ನು ತೋರಿಸಿದವು.

ಕೀನ್ಯಾ: ರೈಲು ಓಡಿತು, ಬಡ್ಡಿಯೂ ಏರಿತು

ಮೊಂಬಾಸಾ ಬಂದರಿನಿಂದ ರಾಜಧಾನಿ ನೈರೋಬಿಯವರೆಗಿನ ಸ್ಟ್ಯಾಂಡರ್ಡ್ ಗೇಜ್ ರೈಲು ಮಾರ್ಗವು 2017ರ ಮೇ ಅಂತ್ಯದಲ್ಲಿ ಉದ್ಘಾಟನೆಯಾಯಿತು. ಇದರ ವೆಚ್ಚದ ಬಹುಭಾಗವನ್ನು ಭರಿಸಲು ಚೀನಾ ಎಕ್ಸಿಮ್ ಬ್ಯಾಂಕ್ 2014ರಲ್ಲಿ ಎರಡು ಸಾಲಗಳನ್ನು ನೀಡಿತ್ತು. ಸುಮಾರು 160 ಕೋಟಿ ಡಾಲರ್‌ಗಳ ಒಂದು ಸಾಲಕ್ಕೆ ಶೇ. 2ರ ರಿಯಾಯಿತಿ ಬಡ್ಡಿ. ಸರಿಸುಮಾರು ಅಷ್ಟೇ ಮೊತ್ತದ ಮತ್ತೊಂದು ಸಾಲವು ವಾಣಿಜ್ಯ ಸ್ವರೂಪದ್ದಾಗಿದ್ದು, ಲಂಡನ್ ಅಂತರಬ್ಯಾಂಕ್ ದರವಾದ ಲೈಬಾರ್‌ನ ಮೇಲೆ ಶೇ. 3.6ನ್ನು ಸೇರಿಸಿದ ಬದಲಾಗುವ ಬಡ್ಡಿದರಕ್ಕೆ ಒಳಪಟ್ಟಿತ್ತು. 2022ರ ನವೆಂಬರ್‌ನಲ್ಲಿ ಕೀನ್ಯಾ ಸರ್ಕಾರವು ದಾಖಲೆಗಳನ್ನು ಬಹಿರಂಗಪಡಿಸುವವರೆಗೆ ಈ ವಿವರಗಳು ಸಾರ್ವಜನಿಕರಿಗೆ ಅಧಿಕೃತವಾಗಿ ದೊರೆತಿರಲಿಲ್ಲ.

ಈ ಷರತ್ತುಗಳ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. 2014ರಲ್ಲಿ ಲೈಬಾರ್ ದರವು ಶೇ. ಅರ್ಧಕ್ಕಿಂತಲೂ ಕಡಿಮೆಯಿತ್ತು, ಅಂದರೆ ವಾಣಿಜ್ಯ ಸಾಲದ ಬಡ್ಡಿ ಶೇ. 4ರ ಆಸುಪಾಸು. 2023ರ ವೇಳೆಗೆ ಡಾಲರ್ ಬಡ್ಡಿದರಗಳು ಶೇ. 5ನ್ನು ದಾಟಿದಾಗ ಅದೇ ಸಾಲದ ಹೊರೆ ಶೇ. 9ರ ಸಮೀಪಕ್ಕೆ ಏರಿತು. 2014ರ ಆರಂಭದಲ್ಲಿ ಒಂದು ಡಾಲರ್‌ಗೆ ಸುಮಾರು 87 ಕೀನ್ಯಾ ಷಿಲ್ಲಿಂಗ್ ವಿನಿಮಯ ದರವಿದ್ದರೆ, 2024ರ ಜನವರಿಯಲ್ಲಿ ಅದು 160ರ ಆಸುಪಾಸಿಗೆ ತಲುಪಿತು. ರೈಲು ಗಳಿಸುವುದು ಷಿಲ್ಲಿಂಗ್‌ಗಳಲ್ಲಿ; ಸಾಲ ತೀರಿಸಬೇಕಾಗಿದ್ದುದು ಡಾಲರ್‌ಗಳಲ್ಲಿ. ರೈಲು ಒಂದು ದಿನವೂ ನಿಲ್ಲದೆ ಓಡಿದರೂ ಕಂತಿನ ಭಾರ ಹೆಚ್ಚುತ್ತಲೇ ಹೋಯಿತು.

ಸರಕಿನ ಅಂದಾಜು ಸಹ ಫಲಿಸಲಿಲ್ಲ. ಮೂಲ ಕಲ್ಪನೆಯಂತೆ ಮಾರ್ಗವು ಉಗಾಂಡಾದ ಗಡಿಯವರೆಗೆ ಹೋಗಿ ನೆರೆಯ ದೇಶಗಳ ಸರಕನ್ನೂ ಸೆಳೆಯಬೇಕಾಗಿತ್ತು. ಆದರೆ 2019ರಲ್ಲಿ ನೈವಾಶಾ ತಲುಪಿದ ನಂತರ ಮುಂದಿನ ಹಂತಕ್ಕೆ ಆಗ ಸಾಲ ದೊರೆಯಲಿಲ್ಲ. ರೈಲಿಗೆ ಕನಿಷ್ಠ ಪ್ರಮಾಣದ ಸರಕನ್ನು ಒದಗಿಸುವ ಹೊಣೆಯನ್ನು ಬಂದರು ಪ್ರಾಧಿಕಾರವು ಒಪ್ಪಂದದಲ್ಲಿ ಹೊತ್ತಿದ್ದುದರಿಂದ, ಆಮದು ಕಂಟೇನರ್‌ಗಳನ್ನು ರೈಲಿನಲ್ಲೇ ನೈರೋಬಿಗೆ ಸಾಗಿಸಬೇಕೆಂಬ ಆದೇಶ ಜಾರಿಗೆ ಬಂದಿತು. ಮೊಂಬಾಸಾದ ಲಾರಿ ಮಾಲೀಕರು, ಕಂಟೇನರ್ ಗೋದಾಮುಗಳ ಒಡೆಯರು, ಹೆದ್ದಾರಿಯ ಪಟ್ಟಣಗಳ ಹೋಟೆಲು, ಗ್ಯಾರೇಜುಗಳವರು ವ್ಯಾಪಾರ ಕಳೆದುಕೊಂಡು ಬೀದಿಗಿಳಿದು ಪ್ರತಿಭಟಿಸಿದರು. ನೈರೋಬಿಯ ಆಮದುದಾರನಿಗೂ ನೆಮ್ಮದಿ ದೊರೆಯಲಿಲ್ಲ: ರೈಲಿನ ಬಾಡಿಗೆಯ ಜೊತೆಗೆ ನಿಲ್ದಾಣದಿಂದ ಗೋದಾಮಿಗೆ ಸಾಗಿಸುವ ಲಾರಿ ಬಾಡಿಗೆಯನ್ನೂ ತೆರಬೇಕಾಯಿತು. 2013ರಿಂದಲೇ ಆಮದಿನ ಮೇಲೆ ಶೇ. 1.5ರ ರೈಲ್ವೆ ಅಭಿವೃದ್ಧಿ ಸುಂಕವೂ ಇದ್ದಿತು. ರೈಲನ್ನು ಬಳಸದ ವ್ಯಾಪಾರಿಯೂ ರೈಲಿನ ಸಾಲಕ್ಕೆ ಹಣ ಕಟ್ಟಿದನು. 2022ರಲ್ಲಿ ಹೊಸ ಸರ್ಕಾರ ಬಂದ ಬಳಿಕ ಸಾಗಣೆಯ ಆಯ್ಕೆಯನ್ನು ಮರಳಿ ನೀಡಲಾಯಿತು.

ಇಷ್ಟಾಗಿಯೂ ಪ್ರಯಾಣಿಕರಿಗೆ ಈ ರೈಲು ಉಪಯುಕ್ತವಾಗಿದೆ ಎಂಬುದನ್ನು ಮರೆಯಬಾರದು. ಅಲ್ಲದೆ ಷರತ್ತುಗಳನ್ನು ತಿದ್ದಲು ಸಾಧ್ಯವೆಂಬುದಕ್ಕೂ ಕೀನ್ಯಾ ನಿದರ್ಶನವಾಯಿತು. 2025ರ ಅಕ್ಟೋಬರ್‌ನಲ್ಲಿ ರೈಲಿನ ಡಾಲರ್ ಸಾಲಗಳನ್ನು ಯುವಾನ್‌ಗೆ ಪರಿವರ್ತಿಸಲಾಯಿತು. ಇದರಿಂದ ವರ್ಷಕ್ಕೆ ಸುಮಾರು 21.5 ಕೋಟಿ ಡಾಲರ್ ಉಳಿತಾಯವಾಗುವುದೆಂದು ಸರ್ಕಾರ ತಿಳಿಸಿತು.

ಶ್ರೀಲಂಕಾ: ಎರಡು ಬಂದರುಗಳ ಕಥೆ

'ಸಾಲದ ಬಲೆ' ಎಂಬ ವಾದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಹಂಬನ್‌ತೋಟ ಬಂದರು. ಇದರ ಮೊದಲ ಹಂತಕ್ಕೆ 2007ರಲ್ಲಿ, ಅಂದರೆ ಬೆಲ್ಟ್ ಅಂಡ್ ರೋಡ್ ಘೋಷಣೆಗೂ ಮೊದಲೇ, ಚೀನಾ ಎಕ್ಸಿಮ್ ಬ್ಯಾಂಕ್ 30.7 ಕೋಟಿ ಡಾಲರ್ ಸಾಲ ನೀಡಿತು. ಬದಲಾಗುವ ದರ ಹಾಗೂ ಶೇ. 6.3ರ ಸ್ಥಿರ ದರಗಳ ನಡುವೆ ಶ್ರೀಲಂಕಾ ಸ್ಥಿರ ದರವನ್ನು ಆಯ್ದುಕೊಂಡಿತು. ಮರುವರ್ಷವೇ ಜಾಗತಿಕ ಬಡ್ಡಿದರಗಳು ಕುಸಿದವು. ಕೀನ್ಯಾ ಬದಲಾಗುವ ದರವನ್ನು ಒಪ್ಪಿ ಬಳಲಿದರೆ, ಶ್ರೀಲಂಕಾ ಸ್ಥಿರ ದರವನ್ನು ಒಪ್ಪಿ ಬಳಲಿತು. ಯಾವ ದರ ಸರಿಯೆಂಬುದನ್ನು ಮೊದಲೇ ಹೇಳಲು ಯಾರಿಗೂ ಸಾಧ್ಯವಿಲ್ಲ. ಎರಡನ್ನೂ ತಾಳಿಕೊಳ್ಳುವ ಆದಾಯ ಆಸ್ತಿಗೆ ಇರಬೇಕಾದುದು ಮುಖ್ಯ.

ಆ ಆದಾಯವೇ ಇರಲಿಲ್ಲ. ಡೆನ್ಮಾರ್ಕ್‌ನ ರಾಂಬೋಲ್ ಸಂಸ್ಥೆಯು 2006ರಲ್ಲಿ ನೀಡಿದ ವರದಿಯು, ಮೊದಲು ಇತರ ಸರಕುಗಳಿಂದ ಆದಾಯ ಗಳಿಸಿ, ಕಂಟೇನರ್ ವಹಿವಾಟಿಗಾಗಿ ಆನಂತರ ವಿಸ್ತರಿಸಬೇಕೆಂದು ಸೂಚಿಸಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಈ ಸಲಹೆಯನ್ನು ಬದಿಗಿಟ್ಟು, 2012ರಲ್ಲಿ ಎರಡನೇ ಹಂತಕ್ಕೆ 75.7 ಕೋಟಿ ಡಾಲರ್ ಸಾಲ ಪಡೆಯಲಾಯಿತು. ಆ ವರ್ಷ ಬಂದರಿಗೆ ಬಂದ ಹಡಗುಗಳು ಕೇವಲ 34. ಕೊನೆಗೆ 2017ರಲ್ಲಿ ಚೈನಾ ಮರ್ಚೆಂಟ್ಸ್ ಪೋರ್ಟ್ ಕಂಪನಿಯು 112 ಕೋಟಿ ಡಾಲರ್ ನೀಡಿ 99 ವರ್ಷಗಳ ಗುತ್ತಿಗೆಯ ಮೇಲೆ ಬಂದರನ್ನು ವಹಿಸಿಕೊಂಡಿತು.

ಸಾಲ ತೀರಿಸಲಾಗದೆ ಬಂದರನ್ನು ಬಿಟ್ಟುಕೊಡಲಾಯಿತೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಗುತ್ತಿಗೆಯಿಂದ ಬಂದ ಹಣ ಸಾಲಕ್ಕೆ ವಜಾ ಆಗಲಿಲ್ಲ. ಅದು ವಿದೇಶಿ ವಿನಿಮಯ ಸಂಗ್ರಹವನ್ನು ಸೇರಿತು. ಎಕ್ಸಿಮ್ ಬ್ಯಾಂಕಿನ ಸಾಲ ಸರ್ಕಾರದ ಮೇಲೆಯೇ ಉಳಿಯಿತು. ಶ್ರೀಲಂಕಾವನ್ನು ಆ ಹೊತ್ತಿನಲ್ಲಿ ಹೆಚ್ಚು ಕಾಡುತ್ತಿದ್ದುದು 2007ರಿಂದ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ ಡಾಲರ್ ಬಾಂಡ್‌ಗಳು. ಸರ್ಕಾರದ ವಿದೇಶಿ ಸಾಲದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಇಂತಹ ಬಾಂಡ್‌ಗಳದ್ದಾಗಿತ್ತು. ಸರ್ಕಾರಿ ಸಂಸ್ಥೆಗಳ ಸಾಲವನ್ನೂ ಸೇರಿಸಿದರೆ ಚೀನಾದ ಪಾಲು ಸುಮಾರು ಐದನೇ ಒಂದು. 2019ರ ತೆರಿಗೆ ಕಡಿತ, ಕೋವಿಡ್ ಕಾಲದಲ್ಲಿ ನಿಂತುಹೋದ ಪ್ರವಾಸೋದ್ಯಮ, 2021ರ ರಾಸಾಯನಿಕ ಗೊಬ್ಬರ ನಿಷೇಧ ಇವೆಲ್ಲವೂ ಸೇರಿ 2022ರ ಏಪ್ರಿಲ್‌ನಲ್ಲಿ ದೇಶವು ವಿದೇಶಿ ಸಾಲದ ಪಾವತಿಯನ್ನೇ ನಿಲ್ಲಿಸಬೇಕಾಯಿತು. ಪೆಟ್ರೋಲ್ ಬಂಕುಗಳ ಮುಂದೆ ಜನ ದಿನಗಟ್ಟಲೆ ಸಾಲು ನಿಂತರು. ಔಷಧಿ, ಅಡುಗೆ ಅನಿಲಗಳಿಗೂ ಪರದಾಡಿದರು. ಡಾಲರ್ ತರದ ಆಸ್ತಿಗಳಿಗೆ ಡಾಲರ್ ಸಾಲ ಮಾಡಿದ್ದರ ಬೆಲೆಯನ್ನು ಜನಸಾಮಾನ್ಯರು ತೆತ್ತರು.

ಇದೇ ದೇಶದ ಕೊಲಂಬೊದಲ್ಲಿ, ಇದೇ ಚೈನಾ ಮರ್ಚೆಂಟ್ಸ್ ಸಮೂಹವು ಶೇ. 85ರಷ್ಟು ಪಾಲು ಹೊಂದಿರುವ ಕಂಟೇನರ್ ಟರ್ಮಿನಲ್ 2013ರಲ್ಲಿ ಕಾರ್ಯಾರಂಭ ಮಾಡಿತು. ಉಳಿದ ಶೇ. 15ರಷ್ಟು ಪಾಲು ಶ್ರೀಲಂಕಾ ಬಂದರು ಪ್ರಾಧಿಕಾರದ್ದು. ಇಲ್ಲಿ ಕಂಪನಿಯೇ ಬಂಡವಾಳ ತೊಡಗಿಸಿ, ನಿರ್ಮಿಸಿ, 35 ವರ್ಷಗಳ ಕಾಲ ನಡೆಸಿ ಹಿಂದಿರುಗಿಸುವ ಕರಾರಿತ್ತು. ಹಡಗುಗಳು ಬಾರದಿದ್ದಲ್ಲಿ ನಷ್ಟ ಮುಖ್ಯವಾಗಿ ಕಂಪನಿಯದು. ಆಳವಾದ ಈ ಟರ್ಮಿನಲ್‌ಗೆ ಬೃಹತ್ ಹಡಗುಗಳು ಬರತೊಡಗಿ, 2016ರಲ್ಲೇ ವಾರ್ಷಿಕ ವಹಿವಾಟು 20 ಲಕ್ಷ ಕಂಟೇನರ್ ಘಟಕಗಳನ್ನು ತಲುಪಿತು. ದೇಶ ಒಂದೇ, ಹೂಡಿಕೆದಾರನೂ ಒಬ್ಬನೇ; ಬೇರೆಯಾಗಿದ್ದುದು ಸ್ಥಳದ ಆಯ್ಕೆ ಹಾಗೂ ನಷ್ಟದ ಹೊಣೆಗಾರಿಕೆ.

ಪಾಕಿಸ್ತಾನ: ಬಳಸದ ವಿದ್ಯುತ್ತಿಗೂ ಬೆಲೆ

2015ರ ಏಪ್ರಿಲ್‌ನಲ್ಲಿ 4,600 ಕೋಟಿ ಡಾಲರ್‌ಗಳ ಅಂದಾಜಿನೊಂದಿಗೆ ಚೀನಾ ಪಾಕಿಸ್ತಾನ ಆರ್ಥಿಕ ಕಾರಿಡಾರ್ ಘೋಷಣೆಯಾಯಿತು. ಇದರಲ್ಲಿ ಸಿಂಹಪಾಲು ವಿದ್ಯುತ್ ಕ್ಷೇತ್ರದ್ದು. ಆ ವೇಳೆಗೆ ಪಾಕಿಸ್ತಾನದ ಕಾರ್ಖಾನೆಗಳು ದಿನದಲ್ಲಿ ಹಲವು ತಾಸು ವಿದ್ಯುತ್ತಿಲ್ಲದೆ ಸ್ತಬ್ಧವಾಗುತ್ತಿದ್ದವು. ಸಾಹಿವಾಲ್, ಪೋರ್ಟ್ ಕಾಸಿಂ, ಹಬ್ ಮೊದಲಾದೆಡೆ ತಲಾ 1,320 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರಗಳು ತ್ವರಿತವಾಗಿ ನಿರ್ಮಾಣಗೊಂಡು, ವಿದ್ಯುತ್ ಕೊರತೆ ಬಹಳಮಟ್ಟಿಗೆ ನೀಗಿತು.

ಆದರೆ ಹೂಡಿಕೆದಾರರನ್ನು ಸೆಳೆಯಲು ಸರ್ಕಾರವು ನೀಡಿದ ಭರವಸೆಗಳು ಮುಂದೆ ತೊಡಕಾದವು. ಸ್ಥಾವರವು ಉತ್ಪಾದನೆಗೆ ಸಿದ್ಧವಿದ್ದಲ್ಲಿ, ವಿದ್ಯುತ್ತನ್ನು ಕೊಂಡರೂ ಕೊಳ್ಳದಿದ್ದರೂ ನಿಗದಿತ 'ಸಾಮರ್ಥ್ಯ ಶುಲ್ಕ'ವನ್ನು ಪಾವತಿಸಬೇಕಾಗಿತ್ತು. ಹೂಡಿಕೆಯ ಮೇಲಿನ ಪ್ರತಿಫಲವನ್ನು ಡಾಲರ್ ಮೌಲ್ಯಕ್ಕೆ ಹೊಂದಿಸಲಾಗಿತ್ತು. ಹಲವು ಸ್ಥಾವರಗಳು ಆಮದು ಕಲ್ಲಿದ್ದಲನ್ನೇ ನೆಚ್ಚಿಕೊಂಡಿದ್ದವು. 2017ರಲ್ಲಿ ಡಾಲರ್‌ಗೆ ಸುಮಾರು 105 ಇದ್ದ ಪಾಕಿಸ್ತಾನಿ ರೂಪಾಯಿ 2023ರಲ್ಲಿ 280ನ್ನು ದಾಟಿ ಕುಸಿದಾಗ ಈ ಮೂರೂ ಭಾರಗಳು ಒಟ್ಟಿಗೆ ಗ್ರಾಹಕನ ಬಿಲ್ಲಿನ ಮೇಲೆ ಬಿದ್ದವು.

ವಿದ್ಯುತ್ ದರ ಏರಿದಂತೆ ಅನುಕೂಲಸ್ಥ ಮನೆಗಳೂ ಕಾರ್ಖಾನೆಗಳೂ ಸೌರ ಫಲಕಗಳತ್ತ ತಿರುಗಿದವು. 2024ರ ಒಂದೇ ವರ್ಷದಲ್ಲಿ ಪಾಕಿಸ್ತಾನವು ಸುಮಾರು 17 ಗಿಗಾವಾಟ್ ಸಾಮರ್ಥ್ಯದ ಫಲಕಗಳನ್ನು ಆಮದು ಮಾಡಿಕೊಂಡಿತು; ಅವುಗಳಲ್ಲಿ ಬಹುತೇಕ ಎಲ್ಲವೂ ಚೀನಾದಿಂದಲೇ ಬಂದವು. ಜಾಲದಿಂದ ವಿದ್ಯುತ್ ಕೊಳ್ಳುವವರು ಕಡಿಮೆಯಾದಂತೆ ಅದೇ ಸಾಮರ್ಥ್ಯ ಶುಲ್ಕವು ಉಳಿದ ಗ್ರಾಹಕರ ನಡುವೆ ಹಂಚಿಕೆಯಾಗಿ ದರ ಮತ್ತೆ ಏರುವ ವಿಷವರ್ತುಲ ಸೃಷ್ಟಿಯಾಯಿತು. ಸೌರ ಫಲಕ ಕೊಳ್ಳಲಾಗದ ಸಣ್ಣ ಅಂಗಡಿಯವನೂ ಸಣ್ಣ ಕೈಗಾರಿಕೆಯವನೂ ಇದರಲ್ಲಿ ಹೆಚ್ಚು ನೊಂದರು. ಕೊರತೆಯ ಸಮಸ್ಯೆ ಪರಿಹಾರವಾಯಿತು. ಅದರ ಜಾಗದಲ್ಲಿ ದರದ ಸಮಸ್ಯೆ ಬಂದು ಕುಳಿತಿತು.

ಲಾವೋಸ್ ಹಾಗೂ ಗ್ರೀಸ್

ಸಮುದ್ರ ತೀರವಿಲ್ಲದ ಲಾವೋಸ್ ದೇಶದ ಗಡಿ ಪಟ್ಟಣ ಬೋಟೆನ್‌ನಿಂದ ರಾಜಧಾನಿ ವಿಯೆಂಟಿಯಾನ್‌ವರೆಗಿನ ಸುಮಾರು 420 ಕಿ.ಮೀ. ರೈಲು ಮಾರ್ಗವು 2021ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಸುಮಾರು 600 ಕೋಟಿ ಡಾಲರ್ ವೆಚ್ಚದ ಈ ಮಾರ್ಗವನ್ನು ಜಂಟಿ ಕಂಪನಿಯೊಂದು ನಿರ್ಮಿಸಿತು, ಶೇ. 70 ಪಾಲು ಚೀನಾದ ಕಂಪನಿಗಳದ್ದು, ಶೇ. 30 ಲಾವೋಸಿನದು. ರಸ್ತೆಯಲ್ಲಿ ಇಡೀ ದಿನ ಹಿಡಿಯುತ್ತಿದ್ದ ಪ್ರಯಾಣ ನಾಲ್ಕು ತಾಸುಗಳೊಳಗೆ ಮುಗಿಯುವಂತಾಯಿತು. ಥಾಯ್ಲೆಂಡ್‌ನ ಹಣ್ಣುಹಂಪಲುಗಳು ಇದೇ ಮಾರ್ಗವಾಗಿ ಚೀನಾಕ್ಕೆ ಸಾಗತೊಡಗಿದವು. ರೈಲಿನ ಮಟ್ಟಿಗೆ ಇದು ಯಶಸ್ಸೇ. ಆದರೆ ರೈಲು, ಜಲವಿದ್ಯುತ್ ಯೋಜನೆಗಳೆಲ್ಲಕ್ಕೂ ಮಾಡಿದ ಸಾಲ ಸೇರಿ ದೇಶದ ಋಣಭಾರವು ಒಟ್ಟು ರಾಷ್ಟ್ರೀಯ ಉತ್ಪನ್ನವನ್ನೇ ಮೀರಿತು. 2021ರ ಆರಂಭದಲ್ಲಿ ಡಾಲರ್‌ಗೆ ಹತ್ತು ಸಾವಿರಕ್ಕಿಂತ ಕಡಿಮೆಯಿದ್ದ ಕಿಪ್ 2023ರ ಅಂತ್ಯಕ್ಕೆ ಇಪ್ಪತ್ತು ಸಾವಿರ ದಾಟಿತು. 2023ರ ಆರಂಭದಲ್ಲಿ ಹಣದುಬ್ಬರ ಶೇ. 40ಕ್ಕೆ ಮುಟ್ಟಿತು. ಒಂದೊಂದು ಯೋಜನೆಯೂ ಪ್ರತ್ಯೇಕವಾಗಿ ಸಮರ್ಥನೀಯವಾಗಿದ್ದರೂ ಒಟ್ಟು ಮೊತ್ತವು ದೇಶದ ಶಕ್ತಿಯನ್ನು ಮೀರಬಹುದೆಂಬುದಕ್ಕೆ ಇದು ಸಾಕ್ಷಿ.

ಗ್ರೀಸ್ ದೇಶದ ಪಿರೇಯಸ್ ಬಂದರಿನದು ಬೇರೆಯೇ ಸ್ವರೂಪ. ಚೀನಾದ ಕೋಸ್ಕೊ ಹಡಗು ಕಂಪನಿಯು 2009ರಲ್ಲಿ ಅಲ್ಲಿನ ಕಂಟೇನರ್ ಧಕ್ಕೆಗಳನ್ನು ವಹಿಸಿಕೊಂಡು, 2016ರಲ್ಲಿ ಬಂದರು ಪ್ರಾಧಿಕಾರದ ಬಹುಮತದ ಷೇರುಗಳನ್ನೂ ಖರೀದಿಸಿತು. 2010ರಲ್ಲಿ ಹತ್ತು ಲಕ್ಷ ಘಟಕಗಳಿಗಿಂತ ಕಡಿಮೆಯಿದ್ದ ವಹಿವಾಟು 2019ರಲ್ಲಿ ಐವತ್ತು ಲಕ್ಷವನ್ನು ದಾಟಿತು. ಇಲ್ಲಿ ಸರ್ಕಾರ ಸಾಲ ಮಾಡಲಿಲ್ಲ; ಹಡಗುಗಳಿರುವ ಕಂಪನಿಯೇ ಬಂದರಿಗೆ ಸರಕನ್ನು ತಂದಿತು. ಅದಕ್ಕೆ ತೆತ್ತ ಬೆಲೆಯೆಂದರೆ, ರಾಷ್ಟ್ರದ ಪ್ರಮುಖ ಬಂದರಿನ ನಿಯಂತ್ರಣವು ವಿದೇಶಿ ಸರ್ಕಾರಿ ಕಂಪನಿಯ ಕೈಸೇರಿದ್ದು.

ಸಾಲ ಕೊಟ್ಟವರ ಸಂಕಷ್ಟ

ಸಾಲಗಾರನು ಬಳಲಿದರೆ ಸಾಲಿಗನೂ ಸುಖವಾಗಿರಲಾರ. ಜಾಂಬಿಯಾ 2020ರಲ್ಲಿ, ಶ್ರೀಲಂಕಾ 2022ರಲ್ಲಿ ಪಾವತಿ ನಿಲ್ಲಿಸಿದಾಗ ಚೀನಾದ ಬ್ಯಾಂಕುಗಳ ಹಣವೂ ಸಿಲುಕಿಕೊಂಡಿತು. 2008ರಿಂದ 2021ರವರೆಗೆ ಸಂಕಷ್ಟಕ್ಕೀಡಾದ 22 ರಾಷ್ಟ್ರಗಳಿಗೆ ಚೀನಾ ಸುಮಾರು 24,000 ಕೋಟಿ ಡಾಲರ್‌ಗಳ ತುರ್ತು ಸಾಲ ನೀಡಬೇಕಾಯಿತೆಂದು 2023ರ ಅಧ್ಯಯನವೊಂದು ಲೆಕ್ಕ ಹಾಕಿತು. ಅದರ ಬಹುಪಾಲು ಹಳೆಯ ಸಾಲವನ್ನು ಉಳಿಸಿಕೊಳ್ಳಲು ಕೊಟ್ಟ ಹೊಸ ಸಾಲವೇ. 2023ರ ಅಕ್ಟೋಬರ್‌ನಲ್ಲಿ ಬೀಜಿಂಗ್‌ನಲ್ಲಿ ನಡೆದ ಮೂರನೇ ಸಮ್ಮೇಳನದಲ್ಲಿ 'ಚಿಕ್ಕದಾದರೂ ಚೊಕ್ಕ' ಎನ್ನಬಹುದಾದ ಯೋಜನೆಗಳಿಗೆ ಒತ್ತು ನೀಡಲಾಯಿತು. ನಿರೀಕ್ಷಿಸಿದ ವ್ಯಾಪಾರ ಲಾಭ ದೊರೆಯದೆ ಇಟಲಿಯು 2023ರ ಡಿಸೆಂಬರ್‌ನಲ್ಲಿ ಯೋಜನೆಯಿಂದ ಹೊರಬಂದಿತು.

ಭಾರತ ಹಾಗೂ ಕರ್ನಾಟಕದ ದೃಷ್ಟಿಯಿಂದ

ಪಾಕಿಸ್ತಾನದ ಕಾರಿಡಾರ್ ಗಿಲ್ಗಿಟ್ ಬಾಲ್ಟಿಸ್ತಾನದ ಮೂಲಕ ಹಾದುಹೋಗುವುದರಿಂದ, ಸಾರ್ವಭೌಮತ್ವದ ಕಾರಣ ನೀಡಿ ಭಾರತವು 2017ರ ಮೊದಲ ಸಮ್ಮೇಳನದಿಂದ ದೂರವುಳಿಯಿತು. ಯೋಜನೆಗಳು ಪಾರದರ್ಶಕವಾಗಿರಬೇಕು, ತಾಳಲಾಗದ ಋಣಭಾರವನ್ನು ಸೃಷ್ಟಿಸಬಾರದು ಎಂಬ ನಿಲುವನ್ನೂ ಆಗಲೇ ವ್ಯಕ್ತಪಡಿಸಿತು.

ಆದರೂ ಈ ಯೋಜನೆಗಳ ಪರಿಣಾಮದಿಂದ ಭಾರತದ ವ್ಯಾಪಾರವು ಹೊರಗುಳಿದಿಲ್ಲ. ಕೊಲಂಬೊ ಬಂದರಿನ ಮರುಸಾಗಣೆ ವಹಿವಾಟಿನಲ್ಲಿ ಸುಮಾರು ಶೇ. 70ರಷ್ಟು ಭಾರತಕ್ಕೆ ಸಂಬಂಧಿಸಿದ್ದು. ದಕ್ಷಿಣ ಭಾರತದ ರಫ್ತುದಾರನ ಕಂಟೇನರ್ ಕೊಲಂಬೊದಲ್ಲಿ ದೊಡ್ಡ ಹಡಗನ್ನು ಏರುವಾಗ, ಅಲ್ಲಿನ ಟರ್ಮಿನಲ್‌ನ ದಕ್ಷತೆಯೂ ದರವೂ ಅವನ ಲಾಭಾಂಶವನ್ನು ಮುಟ್ಟುತ್ತವೆ. ಕೇರಳದ ವಿಳಿಂಜಂ ಆಳಸಮುದ್ರ ಬಂದರು 2024ರ ಡಿಸೆಂಬರ್‌ನಲ್ಲಿ ವಾಣಿಜ್ಯ ಕಾರ್ಯಾಚರಣೆ ಆರಂಭಿಸಿದ್ದು, 2025ರಲ್ಲಿ ಕೊಲಂಬೊದಲ್ಲೇ ಭಾರತೀಯ ಕಂಪನಿಯ ಪಾಲುದಾರಿಕೆಯ ಟರ್ಮಿನಲ್ ಆರಂಭವಾದದ್ದು ಈ ಸ್ಪರ್ಧೆಯ ಮುಂದುವರಿದ ಭಾಗ.

ಬೆಂಗಳೂರಿನ ಉದಾಹರಣೆಯೊಂದು ಇಲ್ಲಿ ಪ್ರಸ್ತುತವಾಗುತ್ತದೆ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಸುಮಾರು 21 ಕಿ.ಮೀ. ಮೆಟ್ರೊ ಮಾರ್ಗಕ್ಕೆ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ 2017ರಲ್ಲಿ 33.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಯುರೋಪಿಯನ್ ಹೂಡಿಕೆ ಬ್ಯಾಂಕ್ 50 ಕೋಟಿ ಯೂರೊ ನೀಡಲು ಮುಂದಾಯಿತು. ಏಷ್ಯಾ ಬ್ಯಾಂಕಿನ ಕೇಂದ್ರ ಕಚೇರಿ ಬೀಜಿಂಗ್‌ನಲ್ಲಿದೆ. ಅತಿದೊಡ್ಡ ಷೇರುದಾರ ಚೀನಾ, ಎರಡನೆಯದು ಭಾರತ. ಆದರೆ ಇದು ಬಹುರಾಷ್ಟ್ರೀಯ ಬ್ಯಾಂಕ್. ಯೋಜನಾ ದಾಖಲೆಗಳು ಪ್ರಕಟವಾಗುತ್ತವೆ, ಗುತ್ತಿಗೆಗಳು ಸ್ಪರ್ಧಾತ್ಮಕ ಟೆಂಡರ್ ಮೂಲಕ ನಿರ್ಧಾರವಾಗುತ್ತವೆ. ಹಣದ ಮೂಲಕ್ಕಿಂತ ನಿಯಮಗಳು ಮುಖ್ಯವೆಂಬ ಮಾತಿಗೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಸ್ವದೇಶಿ ಕಂಪನಿಗಳಿಗೆ ಕೆಲಸ ದೊರಕಿಸುವ ಸಾಲವು ಚೀನಾದ ವಿಶೇಷವೇನೂ ಅಲ್ಲ. ಭಾರತದ ಎಕ್ಸಿಮ್ ಬ್ಯಾಂಕ್ ಮೂಲಕ ಸರ್ಕಾರವು ಇತರ ದೇಶಗಳಿಗೆ ನೀಡುವ ಸಾಲದಲ್ಲಿಯೂ ಸಾಮಾನ್ಯವಾಗಿ ಶೇ. 75ರಷ್ಟು ಸರಕು, ಸೇವೆಗಳನ್ನು ಭಾರತದಿಂದಲೇ ಕೊಳ್ಳಬೇಕೆಂಬ ಷರತ್ತಿರುತ್ತದೆ. ಪಂಪ್, ಪರಿವರ್ತಕ, ಯಂತ್ರೋಪಕರಣಗಳ ತಯಾರಕರಿಗೆ ಇದು ಅವಕಾಶ. ಹಾಗೆಯೇ, ಆ ಯೋಜನೆಗಳು ಸಾಲ ಪಡೆದ ದೇಶಕ್ಕೆ ಹೊರೆಯಾಗದಂತೆ ನೋಡಿಕೊಳ್ಳುವ ಜವಾಬ್ದಾರಿಯೂ ಭಾರತಕ್ಕಿದೆ.

ಪಾಠಗಳು

ವಿದೇಶಿ ಮೂಲಸೌಕರ್ಯ ಯೋಜನೆಯೊಂದರಲ್ಲಿ ಸಾಲಗಾರ, ಗುತ್ತಿಗೆದಾರ, ಸರಬರಾಜುದಾರ ಅಥವಾ ಬಳಕೆದಾರನಾಗಿ ಭಾಗವಹಿಸುವವರು ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಒಳಿತು:

1. ಕರೆನ್ಸಿಯ ಹೊಂದಾಣಿಕೆ: ಆಸ್ತಿಯು ಗಳಿಸುವ ಕರೆನ್ಸಿಯೂ ಸಾಲ ತೀರಿಸುವ ಕರೆನ್ಸಿಯೂ ಬೇರೆಯಾಗಿದ್ದಲ್ಲಿ, ಸ್ಥಳೀಯ ಹಣದ ಮೌಲ್ಯ ಅರ್ಧಕ್ಕಿಳಿದರೂ ಕಂತು ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕಬೇಕು.

2. ಅವಧಿಯ ಹೊಂದಾಣಿಕೆ: ಸಾಲದ ಅವಧಿಯು ಆಸ್ತಿ ಆದಾಯ ತರುವ ಅವಧಿಗಿಂತ ತೀರ ಕಡಿಮೆಯಿರಬಾರದು.

3. ಅಂದಾಜು ತಪ್ಪಿದರೆ ಹೊಣೆ ಯಾರದು: ಕನಿಷ್ಠ ಸರಕು, ಕನಿಷ್ಠ ಖರೀದಿಯ ಖಾತರಿಗಳು ನಷ್ಟವನ್ನು ತೆರಿಗೆದಾರರಿಗೂ ಗ್ರಾಹಕರಿಗೂ ವರ್ಗಾಯಿಸುತ್ತವೆ. ಇಂತಹ ಖಾತರಿಗಳಿಗೆ ಮಿತಿಯಿರಬೇಕು.

4. ಹಂತಹಂತವಾದ ನಿರ್ಮಾಣ: ಮೊದಲ ಹಂತದ ಆದಾಯ ಕಂಡ ನಂತರವೇ ಎರಡನೆಯದಕ್ಕೆ ಸಾಲ ಮಾಡುವುದು ಕ್ಷೇಮ.

5. ಪಾರದರ್ಶಕತೆ: ಪ್ರಕಟಿಸಲಾಗದ ಒಪ್ಪಂದವನ್ನು ಮರುಪರಿಶೀಲಿಸುವುದೂ ಕಷ್ಟ. ಸರಬರಾಜುದಾರರು ಸಹ, ಸಾಲದ ಸ್ಥಿತಿ ಗೋಪ್ಯವಾಗಿರುವ ದೇಶದೊಡನೆ ವ್ಯವಹರಿಸುವಾಗ ರಫ್ತು ಸಾಲ ವಿಮೆಯ ರಕ್ಷಣೆ ಪಡೆಯುವುದು ಸೂಕ್ತ.

ಉಪಸಂಹಾರ

ಬೆಲ್ಟ್ ಅಂಡ್ ರೋಡ್ ಯೋಜನೆಯು ರೈಲು, ಬಂದರು, ವಿದ್ಯುತ್ ಸ್ಥಾವರಗಳನ್ನು ಅಭೂತಪೂರ್ವ ವೇಗದಲ್ಲಿ ನಿರ್ಮಿಸಿ ತೋರಿಸಿದೆ. ಅವುಗಳಲ್ಲಿ ಅನೇಕವು ಮುಂದಿನ ಪೀಳಿಗೆಗಳಿಗೂ ಉಪಯೋಗಕ್ಕೆ ಬರುವಂತಹವು. ಆದರೆ ನಿರ್ಮಾಣದ ವೇಗವು ಲೆಕ್ಕಾಚಾರದ ಎಚ್ಚರಿಕೆಗೆ ಪರ್ಯಾಯವಾಗಲಾರದು. ಕೀನ್ಯಾದ ಆಮದುದಾರ, ಪಾಕಿಸ್ತಾನದ ಸಣ್ಣ ಕೈಗಾರಿಕೋದ್ಯಮಿ, ಶ್ರೀಲಂಕಾದ ಸಾಮಾನ್ಯ ಗೃಹಸ್ಥ ಇವರಲ್ಲಿ ಯಾರೂ ಸಾಲಪತ್ರಕ್ಕೆ ಸಹಿ ಹಾಕಿದವರಲ್ಲ. ಆದರೂ ಕಂತು ತುಂಬಿದವರು ಅವರೇ. ಅಂದರೆ ಸಹಿಗೆ ಮುಂಚೆ ಷರತ್ತುಗಳನ್ನು ಬೆಳಕಿಗಿಟ್ಟು ಚರ್ಚಿಸುವುದು ಸರ್ಕಾರಗಳ ಕರ್ತವ್ಯ. ಆ ಚರ್ಚೆಯನ್ನು ಒತ್ತಾಯಿಸುವುದು ವಾಣಿಜ್ಯ ಸಮುದಾಯದ ಹಿತಾಸಕ್ತಿಯೂ ಆಗಿದೆ, ಹೊಣೆಯೂ ಆಗಿದೆ.